ಅಮ್ಮನ ರಿಪೋರ್ಟಿನಲ್ಲಿ ಫೋಲಿಕ್ ಆಸಿಡ್ ಜಾಸ್ತಿ, ಆದರೂ ರಕ್ತ ಕಡಿಮೆ. ಇದು ಹೇಗೆ?

ಕಾಪು ಕಡಲು
ಎಲ್ಲರಿಗೂ ನಮಸ್ಕಾರ. ಒಂದು ರಿಪೋರ್ಟ್ ಅರ್ಥ ಮಾಡಿಕೊಳ್ಳಲು ಸಹಾಯ ಬೇಕು.

ಅಮ್ಮನಿಗೆ ಅರವತ್ತು ದಾಟಿದೆ. ಶುಗರ್ ಉಂಟು, ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಜೊತೆಗೆ ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ. ಮನೆಯಲ್ಲಿ ಮೀನು, ಮೊಟ್ಟೆ ಇಲ್ಲ. ಕೆಲವು ತಿಂಗಳಿಂದ ತುಂಬ ಸುಸ್ತು. ನಾಲಿಗೆ ಉರಿಯುತ್ತದೆ, ಸಾರಿನ ಖಾರವನ್ನೂ ತಡೆಯಲು ಆಗುವುದಿಲ್ಲ. ಪಾದದಲ್ಲಿ ಯಾವಾಗಲೂ ಜೋಮು ಹಿಡಿದ ಹಾಗೆ. ಯಾರೋ ಹೇಳಿದರೆಂದು ಮೆಡಿಕಲ್‌ನಿಂದ ಫೋಲಿಕ್ ಆಸಿಡ್ 5 ಮಿಲಿಗ್ರಾಂ ಮಾತ್ರೆ ತರಿಸಿ ತಿನ್ನುತ್ತಿದ್ದಾರೆ.

ಈಗ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9.6. ಎಂಸಿವಿ 108. ಸೀರಂ ಫೋಲೇಟ್, ಅಂದರೆ ರಕ್ತದ ದ್ರವಭಾಗದಲ್ಲಿರುವ ಫೋಲಿಕ್ ಆಸಿಡ್, "20 ಕ್ಕಿಂತ ಹೆಚ್ಚು" ಎಂದು ಬಂದಿದೆ. ಪಕ್ಕದಲ್ಲಿ ನಾರ್ಮಲ್ 3 ರಿಂದ 17 ಎಂದು ಬರೆದಿದ್ದಾರೆ. ಫೋಲಿಕ್ ಆಸಿಡ್ ಕಡಿಮೆಯಾದರೆ ರಕ್ತ ಕಡಿಮೆ ಆಗುತ್ತದೆ ಎಂದು ಕೇಳಿದ್ದೆ. ಇಲ್ಲಿ ಅದು ತುಂಬಿ ತುಳುಕುತ್ತಿದೆ, ರಕ್ತ ಮಾತ್ರ ಇಲ್ಲ. ಸೋಮವಾರ ಡಾಕ್ಟರ ಹತ್ತಿರ ಹೋಗುವುದಿದೆ. ಅಷ್ಟರೊಳಗೆ ಏನು ಕೇಳಬೇಕು ಎಂದು ತಿಳಿದುಕೊಳ್ಳೋಣ ಅಂತ.

ಪಡುಬಿದ್ರಿ ಪ್ರಶ್ನೆ
ಫೋಲೇಟ್ ಜಾಸ್ತಿ ಇದೆ ಅಂದ ಮೇಲೆ ಅದು ಕಾರಣ ಅಲ್ಲ. ಕಬ್ಬಿಣದ ಅಂಶ ಕಡಿಮೆ ಇರಬೇಕು. ಖರ್ಜೂರ, ಬೆಲ್ಲ ಕೊಡಿ.

ಲ್ಯಾಬ್ ಮೇಜು
ಕಬ್ಬಿಣ ಕಡಿಮೆಯಾದರೆ ಎಂಸಿವಿ ಸಾಮಾನ್ಯವಾಗಿ ಇಳಿಯುತ್ತದೆ, ಏರುವುದಿಲ್ಲ. ಎಂಸಿವಿ ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. 80 ರಿಂದ 100 ಇದ್ದರೆ ಸರಿ. ಅಮ್ಮನದು 108. ಕಣಗಳು ದೊಡ್ಡದಾಗಿವೆ, ಸಂಖ್ಯೆಯಲ್ಲಿ ಕಡಿಮೆ ಇವೆ. ಇಂಥದ್ದಕ್ಕೆ ಮೊದಲು ನೋಡಬೇಕಾದವು ಎರಡು. ಒಂದು ಫೋಲೇಟ್, ಇನ್ನೊಂದು ವಿಟಮಿನ್ ಬಿ12.

ಕಾಪುವಿನ ಅಕ್ಕ, ನಿಮ್ಮ ರಿಪೋರ್ಟಿನಲ್ಲಿ ಬಿ12 ಎಷ್ಟಿದೆ?

ಕಾಪು ಕಡಲು
ಬಿ12 ಮಾಡಿಸಿಲ್ಲ. ಫೋಲಿಕ್ ಆಸಿಡ್ ಮಾತ್ರ ಬರೆದುಕೊಟ್ಟಿದ್ದರು.

ಲ್ಯಾಬ್ ಮೇಜು
ಅದನ್ನು ಮಾಡಿಸಿ. ಸೋಮವಾರದವರೆಗೆ ಕಾಯಬೇಡಿ. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ಸ್ಯಾಂಪಲ್ ಇನ್ನೂ ಲ್ಯಾಬ್‌ನಲ್ಲಿ ಇಟ್ಟಿದ್ದರೆ ಅದರಲ್ಲೇ ಮಾಡಲು ಆಗಬಹುದು, ಮತ್ತೆ ಸೂಜಿ ಚುಚ್ಚಬೇಕೆಂದಿಲ್ಲ.

ಪಡುಬಿದ್ರಿ ಪ್ರಶ್ನೆ
ನೋಡಿ, ಶುರುವಾಯಿತು. ಒಂದು ಟೆಸ್ಟ್ ಮಾಡಿಸಿದರೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಬಡವರು ಎಲ್ಲಿಗೆ ಹೋಗಬೇಕು?

ಲ್ಯಾಬ್ ಮೇಜು
ನಿಮ್ಮ ಸಿಟ್ಟು ಅರ್ಥವಾಗುತ್ತದೆ ಸರ್. ಆದರೆ ಇಲ್ಲಿ ಮಾತು ಬೇರೆ. ಮೀನು ಮೊಟ್ಟೆ ತಿನ್ನದ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ, ಪಾದ ಜೋಮು ಹಿಡಿಯುವ ಒಬ್ಬರಿಗೆ ಎರಡರಲ್ಲಿ ಒಂದೇ ಟೆಸ್ಟ್ ಮಾಡಿಸುವಷ್ಟು ದುಡ್ಡು ಇದ್ದರೆ ನಾನು ಬಿ12 ಮಾಡಿಸಿ ಎನ್ನುತ್ತೇನೆ, ಫೋಲೇಟ್ ಅಲ್ಲ. ಮಾತ್ರೆ ತಿನ್ನುತ್ತಿರುವವರ ಸೀರಂ ಫೋಲೇಟ್ ಜಾಸ್ತಿ ಬರುವುದು ಮೊದಲೇ ಗೊತ್ತಿರುವ ವಿಷಯ. ಆ ದುಡ್ಡು ನಿಜಕ್ಕೂ ಸುಮ್ನೆ ಹೋಯಿತು.

ಮೆಡಿಸಿನ್ ಓದು
ನಾನು ಮೆಡಿಸಿನ್‌ನಲ್ಲಿ ಪಿಜಿ ಮಾಡುತ್ತಿದ್ದೇನೆ. ಲ್ಯಾಬ್ ಮೇಜು ಹೇಳಿದ್ದು ಸರಿ. ಫೋಲೇಟ್ ಯಾಕೆ ಏರಿದೆ ಎಂಬುದಕ್ಕೆ ಇಲ್ಲಿ ಎರಡು ಕಾರಣ ಇರಬಹುದು.

ಮೊದಲನೆಯದು ಮಾತ್ರೆ. ಒಬ್ಬ ಹೆಂಗಸಿಗೆ ದಿನಕ್ಕೆ ಬೇಕಾದ ಫೋಲೇಟ್ 220 ಮೈಕ್ರೋಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. 5 ಮಿಲಿಗ್ರಾಂ ಅಂದರೆ 5000 ಮೈಕ್ರೋಗ್ರಾಂ. ಸೀರಂನಲ್ಲಿ ಅದು ಕಾಣದೇ ಇರುತ್ತದಾ?

ಎರಡನೆಯದು ಸ್ವಲ್ಪ ಸೂಕ್ಷ್ಮ. ಜೀವಕೋಶದ ಒಳಗೆ ಫೋಲೇಟ್ ಕೆಲಸ ಮಾಡಬೇಕಾದರೆ ಬಿ12 ಬೇಕು. ಬಿ12 ಇಲ್ಲದಿದ್ದರೆ ಫೋಲೇಟ್ ಒಂದೇ ರೂಪದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೋಶದೊಳಗೆ ನಿಲ್ಲದೆ ರಕ್ತದಲ್ಲೇ ಉಳಿಯುತ್ತದೆ. ಹೀಗಾಗಿ ಬಿ12 ಕೊರತೆ ಇದ್ದವರಲ್ಲಿ ಮಾತ್ರೆ ತಿನ್ನದೇ ಇದ್ದರೂ ಸೀರಂ ಫೋಲೇಟ್ ನಾರ್ಮಲ್ ಅಥವಾ ಜಾಸ್ತಿ ತೋರಿಸಬಹುದು. ಅದೇ ಹೊತ್ತಿಗೆ ಕೆಂಪು ಕಣದೊಳಗಿನ ಫೋಲೇಟ್ ಕಡಿಮೆ ಇರುತ್ತದೆ.

ನನ್ನ ಚಿಂತೆ ಬೇರೆ. ದೊಡ್ಡ ಡೋಸಿನ ಫೋಲಿಕ್ ಆಸಿಡ್ ಕೊಟ್ಟರೆ ಬಿ12 ಕೊರತೆಯಿಂದ ಬಂದ ರಕ್ತಹೀನತೆ ಕೂಡ ಸ್ವಲ್ಪ ಸುಧಾರಿಸಬಹುದು. ಹಿಮೋಗ್ಲೋಬಿನ್ ಏರಿತು ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಆದರೆ ನರಗಳಿಗೆ ಆಗುವ ಹಾನಿ ನಿಲ್ಲುವುದಿಲ್ಲ. ಜೋಮು ಹಿಡಿಯುವುದು, ಕತ್ತಲಲ್ಲಿ ನಡೆಯುವಾಗ ವಾಲುವುದು, ಮರೆವು ಹೀಗೆ ಮುಂದುವರಿಯುತ್ತದೆ. ತಡವಾದರೆ ಪೂರ್ತಿ ಸರಿಹೋಗದೇ ಇರಬಹುದು. ಅದಕ್ಕೇ ಬಿ12 ನೋಡದೆ ಫೋಲಿಕ್ ಆಸಿಡ್ ಶುರು ಮಾಡಬಾರದು ಎಂದು ನಮಗೆ ಮತ್ತೆ ಮತ್ತೆ ಹೇಳಿಕೊಡುತ್ತಾರೆ.

ಕಾಪು ಕಡಲು
ಅಮ್ಮ ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ಹೋಗುತ್ತಾರೆ. ವಯಸ್ಸು ಅಂದುಕೊಂಡಿದ್ದೆವು. ಈಗಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಬಸಳೆಚಪ್ಪರ
ಫೋಲಿಕ್ ಆಸಿಡ್‌ಗೆ ಮಾತ್ರೆ ಯಾಕೆ ಬೇಕು ಮಾರಾಯ್ರೆ? ನಮ್ಮ ಬ್ರಹ್ಮಾವರದ ಕಡೆ ಮನೆ ಹಿಂದೆಯೇ ಬಸಳೆ ಚಪ್ಪರ ಉಂಟು. ಹರಿವೆ ಉಂಟು, ನುಗ್ಗೆ ಸೊಪ್ಪು ಉಂಟು. ಆಟಿ ತಿಂಗಳಲ್ಲಿ ತೊಜಂಕ್ ಸೊಪ್ಪು ಬೇಕಾದಷ್ಟು ಬೆಳೆಯುತ್ತದೆ. ಸೊಪ್ಪು ತಿನ್ನುವ ಮನೆಯಲ್ಲಿ ಫೋಲೇಟ್ ಕೊರತೆ ಬರುವುದೇ ಇಲ್ಲ.

ಮೆಡಿಸಿನ್ ಓದು
ಸೊಪ್ಪು ಒಳ್ಳೆಯದೇ. ಆದರೆ "ಬರುವುದೇ ಇಲ್ಲ" ಅನ್ನುವ ಹಾಗಿಲ್ಲ. ಫೋಲೇಟ್ ನೀರಿನಲ್ಲಿ ಕರಗುತ್ತದೆ, ಬಿಸಿಗೆ ಹಾಳಾಗುತ್ತದೆ. ಬಸಳೆಯನ್ನು ತುಂಬ ನೀರಲ್ಲಿ ಗಂಟೆಗಟ್ಟಲೆ ಕುದಿಸಿ ಆ ನೀರು ಚೆಲ್ಲಿದರೆ ಅದರಲ್ಲಿದ್ದ ಫೋಲೇಟ್‌ನ ದೊಡ್ಡ ಪಾಲು ಹೋಯಿತು. ಅಲ್ಲದೆ ಸಣ್ಣಕರುಳಿನ ತೊಂದರೆ ಇರುವವರು, ಕುಡಿತ ಜಾಸ್ತಿ ಇರುವವರು, ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರು, ಡಯಾಲಿಸಿಸ್ ಆಗುತ್ತಿರುವವರು, ಇವರಿಗೆಲ್ಲ ಊಟ ಚೆನ್ನಾಗಿದ್ದರೂ ಕೊರತೆ ಬರಬಹುದು.

ಬಸಳೆಚಪ್ಪರ
ನಾವು ನೀರು ಚೆಲ್ಲುವುದಿಲ್ಲ. ಗಸಿಗೆ ಅದೇ ನೀರು. ತೆಂಗಿನಕಾಯಿ ಮಸಾಲೆ ಅದರಲ್ಲೇ ಕೂಡುತ್ತದೆ.

ಮೆಡಿಸಿನ್ ಓದು
ಹಾಗಾದರೆ ಒಳ್ಳೆಯದಾಯಿತು. ಕರಗಿದ್ದು ಗಸಿಯಲ್ಲೇ ಉಳಿಯುತ್ತದೆ.

ಕುಂದಾಪ್ರ ಮಾಷ್ಟ್ರು
ಪತ್ರೊಡೆಯದೂ ಇದೇ ಲೆಕ್ಕ. ಹಬೆಯಲ್ಲಿ ಬೇಯುವುದರಿಂದ ಕೆಸುವಿನ ಎಲೆಯ ಫೋಲೇಟ್ ನೀರಿಗೆ ಹೋಗುವುದು ಕಡಿಮೆ. ಹೆಸರುಕಾಳು ಮೊಳಕೆ ಬರಿಸಿ ಕೋಸಂಬರಿ ಮಾಡಿದರಂತೂ ಬೇಯಿಸುವ ಪ್ರಶ್ನೆಯೇ ಇಲ್ಲ. ಸೊಪ್ಪಿನ ಮಾತು ಬಂದರೆ ಕಾಳನ್ನು ಎಲ್ಲರೂ ಮರೆಯುತ್ತಾರೆ. ಹೆಸರು, ಕಡಲೆ, ಅಲಸಂದೆ ಎಲ್ಲವೂ ಫೋಲೇಟ್ ಚೆನ್ನಾಗಿ ಇರುವ ಧಾನ್ಯಗಳು.

ಗಂಜಿಯೂಟ
ಕುಚ್ಚಲಕ್ಕಿ ಅನ್ನದ ತಿಳಿ ಬಸಿದು ಚೆಲ್ಲುವವರೂ ಕೇಳಿಸಿಕೊಳ್ಳಿ. ನೀರಲ್ಲಿ ಕರಗುವ ಬಿ ವಿಟಮಿನ್‌ಗಳು ಆ ತಿಳಿಯಲ್ಲಿ ಇವೆ. ಉಪ್ಪು ಹಾಕಿ ಕುಡಿಯಿರಿ, ಇಲ್ಲ ಸಾರಿಗೆ ಸೇರಿಸಿ.

ಸಂಜೆ ಚಾ
ಊಟ ಆದ ಕೂಡಲೇ ಚಾ ಕುಡಿದರೂ ಫೋಲಿಕ್ ಆಸಿಡ್ ಹಿಡಿಯುವುದಿಲ್ಲವಂತೆ ಅಲ್ವಾ?

ಮೆಡಿಸಿನ್ ಓದು
ಅದು ಕಬ್ಬಿಣದ ವಿಷಯ. ಚಹಾ ಕಬ್ಬಿಣ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಕಬ್ಬಿಣದ ಮಾತ್ರೆ ತಿನ್ನುವವರು ಚಾ ಸ್ವಲ್ಪ ಹೊತ್ತು ಬಿಟ್ಟು ಕುಡಿಯಬೇಕು.

ಮಲ್ಪೆ ಬಂದರು
ಮೀನು ತಿಂದರೆ ಇದೆಲ್ಲ ರಗಳೆ ಇಲ್ಲ ಅಂತ ನಮ್ಮಲ್ಲಿ ಹೇಳುತ್ತಾರೆ. ನಿಜವಾ?

ಮೆಡಿಸಿನ್ ಓದು
ಬಿ12 ಮಟ್ಟಿಗೆ ಬಹುಪಾಲು ನಿಜ. ಬೂತಾಯಿ, ಬಂಗುಡೆ ಎರಡರಲ್ಲೂ ಬಿ12 ಚೆನ್ನಾಗಿ ಇದೆ. ಮರುವಾಯಿಯಲ್ಲಿ (ಚಿಪ್ಪುಮೀನು) ಇನ್ನೂ ಜಾಸ್ತಿ. ಆದರೆ ಫೋಲೇಟ್‌ಗೆ ಮೀನನ್ನು ನಂಬಬೇಡಿ, ಅದಕ್ಕೆ ಸೊಪ್ಪು ಕಾಳು ಬೇಕು. ದಿನಾ ಮೀನು ತಿಂದು ಸೊಪ್ಪು ಮುಟ್ಟದವರು ಇದ್ದಾರೆ. ಸೊಪ್ಪು ತಿಂದು ಮೀನು ಮುಟ್ಟದವರೂ ಇದ್ದಾರೆ. ಇಬ್ಬರ ಕೊರತೆ ಬೇರೆ ಬೇರೆ. ಎಂಸಿವಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ.

ಇನ್ನೊಂದು ಮಾತು. ವಯಸ್ಸಾದವರಲ್ಲಿ ಹೊಟ್ಟೆಯ ಆಮ್ಲ ಕಡಿಮೆಯಾದರೆ, ಗ್ಯಾಸ್ ಮಾತ್ರೆ ವರ್ಷಗಟ್ಟಲೆ ತಿಂದರೆ, ಮೀನು ತಿಂದರೂ ಬಿ12 ಸರಿಯಾಗಿ ಒಳಗೆ ಹೋಗುವುದಿಲ್ಲ. ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ.

ಕೋಡಿಕಲ್ ಗೃಹಿಣಿ
ನನ್ನದೊಂದು ಪ್ರಶ್ನೆ. ನಾನು ಎರಡು ಕಡೆ ಫೋಲೇಟ್ ಮಾಡಿಸಿದೆ. ಒಂದರಲ್ಲಿ 5.2, ಇನ್ನೊಂದರಲ್ಲಿ 11.8 ಬಂತು. ನಡುವೆ ಕೆಲವೇ ದಿನ ಅಂತರ. ಯಾವುದನ್ನು ನಂಬುವುದು?

ಲ್ಯಾಬ್ ಮೇಜು
ಮೊದಲು ಯೂನಿಟ್ ನೋಡಿ ಅಕ್ಕ. ಒಂದು ಕಡೆ ನ್ಯಾನೋಗ್ರಾಂ ಪ್ರತಿ ಮಿಲಿಲೀಟರ್, ಇನ್ನೊಂದು ಕಡೆ ನ್ಯಾನೋಮೋಲ್ ಪ್ರತಿ ಲೀಟರ್ ಇರಬಹುದು. ನ್ಯಾನೋಗ್ರಾಂ ಲೆಕ್ಕವನ್ನು 2.266ರಿಂದ ಗುಣಿಸಿದರೆ ನ್ಯಾನೋಮೋಲ್ ಸಿಗುತ್ತದೆ. 5.2 ಅನ್ನು ಗುಣಿಸಿ ನೋಡಿ, 11.8 ಬರುತ್ತದೆ. ಎರಡೂ ರಿಪೋರ್ಟ್ ಒಂದನ್ನೇ ಹೇಳುತ್ತಿರುವ ಹಾಗಿದೆ.

ಕೋಡಿಕಲ್ ಗೃಹಿಣಿ
ಹೌದು! ಒಂದರಲ್ಲಿ ಎನ್‌ಜಿ ಅಂತ ಉಂಟು, ಇನ್ನೊಂದರಲ್ಲಿ ಎನ್‌ಮೋಲ್. ಹೆದರಿಕೆ ಹೋಯಿತು. ಥ್ಯಾಂಕ್ಸ್ ಅಣ್ಣ.

ಲ್ಯಾಬ್ ಮೇಜು
ಈ ಚರ್ಚೆ ಬಂದದ್ದು ಒಳ್ಳೆಯದಾಯಿತು. ಮೇಜಿನ ಈಚೆಯಿಂದ ಕಂಡ ಕೆಲವು ವಿಷಯ ಹೇಳುತ್ತೇನೆ.

ಸೀರಂ ಫೋಲೇಟ್ ತೋರಿಸುವುದು ನೀವು ಇತ್ತೀಚೆಗೆ ತಿಂದದ್ದನ್ನು. ಕೊಡಪಾನ ತುಂಬಿದೆ ಎಂದು ಬಾವಿಯಲ್ಲಿ ನೀರಿದೆ ಎನ್ನಲು ಆಗುವುದಿಲ್ಲ, ಅಲ್ವಾ? ಹಾಗೆ. ಕೆಲವು ದಿನ ಸರಿಯಾಗಿ ಊಟ ಮಾಡದಿದ್ದರೆ ಇಳಿಯುತ್ತದೆ, ಮಾತ್ರೆ ತಿಂದರೆ ಏರುತ್ತದೆ. ಅದಕ್ಕೆ ಸಾಧ್ಯವಾದರೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ, ಮಾತ್ರೆ ಶುರು ಮಾಡುವ ಮೊದಲೇ ಕೊಡಿ. ಈಗಾಗಲೇ ತಿನ್ನುತ್ತಿದ್ದರೆ ಆ ಮಾತನ್ನು ಬಾಯಿಬಿಟ್ಟು ಹೇಳಿ. ಯಾರೂ ಹೇಳುವುದಿಲ್ಲ.

ಕೆಂಪು ಕಣದ ಫೋಲೇಟ್ ಬೇರೆ ಪರೀಕ್ಷೆ. ಕಣ ಮೂಳೆಯ ಮಜ್ಜೆಯಲ್ಲಿ ಹುಟ್ಟುವಾಗ ಎಷ್ಟು ಫೋಲೇಟ್ ತುಂಬಿಕೊಳ್ಳುತ್ತದೋ ಅಷ್ಟನ್ನೇ ಇಟ್ಟುಕೊಂಡು ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಅದು ಮೂರು ತಿಂಗಳ ಕಥೆ ಹೇಳುತ್ತದೆ. ಆದರೆ ಎಲ್ಲ ಲ್ಯಾಬ್‌ಗಳಲ್ಲಿ ಮಾಡುವುದಿಲ್ಲ, ಬೆಲೆಯೂ ಜಾಸ್ತಿ.

ಕೆಂಪು ಕಣದ ಒಳಗೆ ಫೋಲೇಟ್ ಸೀರಂಗಿಂತ ಎಷ್ಟೋ ಪಟ್ಟು ಜಾಸ್ತಿ. ರಕ್ತ ತೆಗೆಯುವಾಗ ಅಥವಾ ಸಾಗಿಸುವಾಗ ಕಣಗಳು ಒಡೆದರೆ ಅದೆಲ್ಲ ಸೀರಂಗೆ ಸೇರಿ ಸುಳ್ಳು ಲೆಕ್ಕ ಬರುತ್ತದೆ. ಸೀರಂ ಕೆಂಪಾಗಿದ್ದರೆ ನಾವು ಮತ್ತೆ ಸ್ಯಾಂಪಲ್ ಕೇಳುತ್ತೇವೆ. ಆಗ ದಯವಿಟ್ಟು ಸಿಟ್ಟು ಮಾಡಬೇಡಿ. ನಿಮ್ಮ ಒಳ್ಳೆಯದಕ್ಕೇ ಕೇಳುವುದು.

ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಿನ್ನುವವರು ಈಗ ತುಂಬ ಜನ. ಕೆಲವು ಯಂತ್ರಗಳಲ್ಲಿ ಬಯೋಟಿನ್ ಇದ್ದರೆ ಫೋಲೇಟ್, ಬಿ12 ಎರಡೂ ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಅದನ್ನೂ ಮೊದಲೇ ಹೇಳಿ.

"20 ಕ್ಕಿಂತ ಹೆಚ್ಚು" ಎಂದು ಬಂದರೆ ಯಂತ್ರ ಅಳೆಯುವ ಮಿತಿ ಅಲ್ಲಿಗೆ ಮುಗಿಯಿತು ಎಂದು ಅರ್ಥ. ಅದು 21 ಇರಬಹುದು, 60 ಇರಬಹುದು. ಆ ಅಂಕಿ ಹಿಡಿದು ಹೆದರುವುದು ಬೇಡ.

ಪಡುಬಿದ್ರಿ ಪ್ರಶ್ನೆ
ಇಷ್ಟು ಚೆನ್ನಾಗಿ ಯಾವ ಲ್ಯಾಬ್‌ನವರೂ ನನಗೆ ಹೇಳಿದ್ದಿಲ್ಲ. ಒಂದು ಕೇಳುತ್ತೇನೆ. ಎಷ್ಟಕ್ಕಿಂತ ಕಡಿಮೆ ಬಂದರೆ ಕೊರತೆ ಎನ್ನುವುದು?

ಮೆಡಿಸಿನ್ ಓದು
ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸೀರಂನಲ್ಲಿ ಮಿಲಿಲೀಟರಿಗೆ 3 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. 3 ರಿಂದ 6ರ ನಡುವೆ ಇದ್ದರೆ ಅನುಮಾನದ ಜಾಗ. ಕೆಂಪು ಕಣದಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಕೊರತೆ. ರಕ್ತದಲ್ಲಿರುವ ಹೋಮೋಸಿಸ್ಟಿನ್ ಎಂಬ ಅಮೈನೋ ಆಮ್ಲ ಏರುವ ಮಟ್ಟ ನೋಡಿ ಹಾಕಿದ ಇನ್ನೊಂದು ಗೆರೆಯೂ ಇದೆ. ಅದರಲ್ಲಿ ಸೀರಂಗೆ 4, ಕೆಂಪು ಕಣಕ್ಕೆ 151. ಲ್ಯಾಬ್‌ನ ಯಂತ್ರ ಯಾವುದು ಎಂಬುದರ ಮೇಲೆ ಅಂಕಿ ಸ್ವಲ್ಪ ಬದಲಾಗುತ್ತದೆ. ಅದಕ್ಕೆ ನಿಮ್ಮ ರಿಪೋರ್ಟಿನ ಪಕ್ಕದಲ್ಲಿ ಬರೆದ ನಾರ್ಮಲ್ ಜೊತೆಗೇ ಹೋಲಿಸಿ ನೋಡಬೇಕು.

ಹೋಮೋಸಿಸ್ಟಿನ್ ಎರಡು ಕೊರತೆಯಲ್ಲೂ ಏರುತ್ತದೆ. ಮೀಥೈಲ್ ಮಲೋನಿಕ್ ಆಸಿಡ್ ಎಂಬುದು ಬಿ12 ಕೊರತೆಯಲ್ಲಿ ಏರುತ್ತದೆ, ಬರೀ ಫೋಲೇಟ್ ಕೊರತೆಯಲ್ಲಿ ಏರುವುದಿಲ್ಲ. ಅನುಮಾನ ತೀರದಿದ್ದರೆ ಡಾಕ್ಟರು ಅದನ್ನು ಕೇಳುತ್ತಾರೆ. ಎಲ್ಲರಿಗೂ ಬೇಡ.

ಪಡುಬಿದ್ರಿ ಪ್ರಶ್ನೆ
ಎಂಸಿವಿ ನಾರ್ಮಲ್ ಇದ್ದರೆ ಎರಡೂ ಕೊರತೆ ಇಲ್ಲ ಅಂತ ತಿಳಿಯಬಹುದಾ?

ಮೆಡಿಸಿನ್ ಓದು
ಬೇಡ. ಕಬ್ಬಿಣದ ಕೊರತೆ ಕಣವನ್ನು ಸಣ್ಣ ಮಾಡುತ್ತದೆ, ಫೋಲೇಟ್ ಕೊರತೆ ದೊಡ್ಡ ಮಾಡುತ್ತದೆ. ಎರಡೂ ಒಟ್ಟಿಗೆ ಇದ್ದರೆ ಸರಾಸರಿ ಮಧ್ಯದಲ್ಲಿ ನಿಂತುಬಿಡುತ್ತದೆ. ಅದೇ ರಿಪೋರ್ಟಿನಲ್ಲಿ ಆರ್‌ಡಿಡಬ್ಲ್ಯೂ ಅಂತ ಒಂದು ಸಾಲು ಇರುತ್ತದೆ. ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರು ಇದೆ ಎಂದು ಅದು ಹೇಳುತ್ತದೆ. ಇಂಥವರಲ್ಲಿ ಅದು ಜಾಸ್ತಿ ಇರುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಕಬ್ಬಿಣದ ಕೊರತೆ ಎಷ್ಟು ಸಾಮಾನ್ಯ ಎಂದು ಗೊತ್ತಿದ್ದವರು ಈ ಸಾಲನ್ನು ಬಿಟ್ಟು ಓದುವುದಿಲ್ಲ.

ಕುಂದಾಪ್ರ ಮಾಷ್ಟ್ರು
ಈ ಫೋಲಿಕ್ ಆಸಿಡ್ ಕಥೆ ನಮ್ಮ ದೇಶದಲ್ಲೇ ಶುರುವಾದದ್ದು ಎಂದು ಎಷ್ಟು ಜನರಿಗೆ ಗೊತ್ತು? ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದರು. ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರಿಗೆ ವಿಪರೀತ ರಕ್ತಹೀನತೆ ಬರುತ್ತಿತ್ತು, ಕಣಗಳು ದೊಡ್ಡದಾಗಿರುತ್ತಿದ್ದವು. ಅವರ ಊಟ, ವಾಸ ಎಲ್ಲವನ್ನೂ ನೋಡಿ, ಕೊನೆಗೆ ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಕೊಟ್ಟರೆ ಗುಣವಾಗುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಆಮೇಲೆ 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಅದೇ ಪದಾರ್ಥವನ್ನು ಬೇರ್ಪಡಿಸಿದರು.

ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಮಾಡಿಕೊಟ್ಟ ತಂಡವನ್ನು ನಡೆಸಿದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಔಷಧ ಕಂಪನಿಯಲ್ಲಿ ಅವರು ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಶಾಲೆಯ ಪಾಠಗಳಲ್ಲಿ ಅವರ ಹೆಸರು ಸರಿಯಾಗಿ ಬರುವುದೇ ಇಲ್ಲ ಎಂಬುದು ನನ್ನ ಬಹಳ ದಿನದ ಬೇಸರ.

ಸುರತ್ಕಲ್ ಸೊಸೆ
ಇಲ್ಲೇ ಕೇಳಬಹುದಾ? ನಮಗೆ ಮದುವೆಯಾಗಿ ಸ್ವಲ್ಪ ಸಮಯ ಆಯಿತು, ಮಗುವಿಗೆ ಪ್ರಯತ್ನ ಮಾಡಬೇಕೆಂದು ಇದ್ದೇವೆ. ನಾನು ಮೊದಲು ಫೋಲೇಟ್ ಟೆಸ್ಟ್ ಮಾಡಿಸಬೇಕಾ? ಅತ್ತೆ ಹೇಳುವುದು ಬಸುರಿ ಅಂತ ಗೊತ್ತಾದ ಮೇಲೆ ಮಾತ್ರೆ ಸಾಕು, ಈಗಲೇ ಯಾಕೆ ಅಂತ.

ಹೆರಿಗೆ ವಾರ್ಡ್
ನಾನು ನರ್ಸ್ ಆಗಿ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತಿ ಆದವಳು ಮಗಳೇ. ನಿನ್ನ ಅತ್ತೆ ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಇದರಲ್ಲಿ ಕಾಯಬಾರದು. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿ, ಆಸ್ಪತ್ರೆಗೆ ಬರುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಅದು ಸರಿಯಾಗಿ ಮುಚ್ಚದ ಮಗುವನ್ನು ಕೈಯಲ್ಲಿ ಹಿಡಿದವಳು ನಾನು. ಆ ತಾಯಿಯ ಮುಖ ನೋಡಿದವರು ಯಾರೂ "ಆಮೇಲೆ ನೋಡೋಣ" ಅನ್ನುವುದಿಲ್ಲ.

ಟೆಸ್ಟ್ ಬೇಡ. ಪ್ರಯತ್ನ ಶುರು ಮಾಡುವ ಕನಿಷ್ಠ ಒಂದು ತಿಂಗಳ ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೋ, ಗರ್ಭದ 12 ವಾರದವರೆಗೆ ಬಿಡಬೇಡ. ಆಮೇಲೆ ಸರ್ಕಾರದಿಂದ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದ್ದೇ ಇರುತ್ತದೆ. ಗರ್ಭದಲ್ಲಿ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುತ್ತಾಳೆ, ತಿನ್ನದೆ ಡಬ್ಬದಲ್ಲಿ ಇಡಬೇಡ.

ಸುರತ್ಕಲ್ ಸೊಸೆ
ಮೆಡಿಕಲ್‌ನಲ್ಲಿ ಕೇಳಿದರೆ 5 ಮಿಲಿಗ್ರಾಂ ಕೊಟ್ಟರು. ಅದೇ ಆಗುತ್ತದಾ?

ಫಾರ್ಮಸಿ ಓದಿದವ
ಸುಮ್ನೆ ಬೇಡ ತಂಗಿ. ನಮ್ಮ ಕಡೆ ಫೋಲಿಕ್ ಆಸಿಡ್ ಕೇಳಿದರೆ 5 ಮಿಲಿಗ್ರಾಂ ಸ್ಟ್ರಿಪ್ ಕೈಗೆ ಬರುತ್ತದೆ. ಅದು 400 ಮೈಕ್ರೋಗ್ರಾಂನ ಹನ್ನೆರಡೂವರೆ ಪಟ್ಟು. ಮೊದಲಿನ ಮಗುವಿಗೆ ಬೆನ್ನುಹುರಿ ದೋಷ ಇದ್ದವರಿಗೆ, ಶುಗರ್ ಇರುವವರಿಗೆ, ಫಿಟ್ಸ್ ಮಾತ್ರೆ ತಿನ್ನುವವರಿಗೆ ಡಾಕ್ಟರು ದೊಡ್ಡ ಡೋಸ್ ಬರೆಯುತ್ತಾರೆ. ಒಮ್ಮೆ ಅಂಥ ಮಗು ಹುಟ್ಟಿದ ತಾಯಂದಿರಿಗೆ 4 ಮಿಲಿಗ್ರಾಂ ಕೊಟ್ಟಾಗ ಮತ್ತೆ ಹಾಗಾಗುವುದು 72 ಶೇಕಡಾ ಕಡಿಮೆಯಾಯಿತು ಎಂದು 1991ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿದೆ. ಉಳಿದವರಿಗೆ ಚಿಕ್ಕ ಡೋಸ್ ಸಾಕು. "400 ಮೈಕ್ರೋಗ್ರಾಂದು ಕೊಡಿ" ಎಂದು ಗಟ್ಟಿಯಾಗಿ ಕೇಳಿ. ಸ್ಟ್ರಿಪ್ ಮೇಲೆ 0.4 ಮಿಲಿಗ್ರಾಂ ಎಂದು ಬರೆದಿದ್ದರೂ ಅದೇ.

ಆರೋಗ್ಯ ಭಾಗ್ಯ
ಫೋಲಿಕ್ ಆಸಿಡ್ ಬಿಟ್ಟುಬಿಡಿ ಎಲ್ಲರೂ. ಫೋಲೇಟ್ ಬಳಕೆಗೆ ಬೇಕಾದ ಎಂಟಿಎಚ್‌ಎಫ್‌ಆರ್ ಜೀನ್ ಸರಿ ಇಲ್ಲದವರಿಗೆ ಅದು ಹಿಡಿಯುವುದೇ ಇಲ್ಲ. ಆಕ್ಟಿವ್ ಫೋಲೇಟ್ ಮಾತ್ರ ಕೆಲಸ ಮಾಡುತ್ತದೆ. ಸ್ವಲ್ಪ ದುಬಾರಿ, ಬೇಕಾದವರು ಮೆಸೇಜ್ ಮಾಡಿ.

ಮೆಡಿಸಿನ್ ಓದು
ಇದು ತಪ್ಪು ಮಾಹಿತಿ. ಆ ಜೀನಿನಲ್ಲಿ ವ್ಯತ್ಯಾಸ ಇರುವವರ ದೇಹವೂ ಫೋಲಿಕ್ ಆಸಿಡ್ ಬಳಸಿಕೊಳ್ಳುತ್ತದೆ. ರಕ್ತದ ಮಟ್ಟದಲ್ಲಿ ಬರುವ ವ್ಯತ್ಯಾಸ ಸಣ್ಣದು. ಬೆನ್ನುಹುರಿ ದೋಷ ತಡೆಯುತ್ತದೆ ಎಂದು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದದ್ದು ಫೋಲಿಕ್ ಆಸಿಡ್. ಮಗುವಿಗಾಗಿ ಕಾಯುತ್ತಿರುವವರು ಓದುವ ಜಾಗದಲ್ಲಿ ಅದನ್ನು ಬಿಡಿ ಎಂದು ಬರೆಯಬೇಡಿ, ಕೈ ಮುಗಿದು ಕೇಳುತ್ತೇನೆ.

ಹೆರಿಗೆ ವಾರ್ಡ್
ಅದೇ ನಾನೂ ಹೇಳುವುದು. ಜನೌಷಧಿಯಲ್ಲಿ ಸಿಗುವ ಕಡಿಮೆ ಬೆಲೆಯ ಮಾತ್ರೆಯೇ ಸಾಕು.

ರೇಶನ್ ಕಾರ್ಡ್
ಹಾಗಾದರೆ ಸೊಸೈಟಿಯಲ್ಲಿ ಕೊಡುವ ಸಾರವರ್ಧಿತ ಅಕ್ಕಿಯಲ್ಲಿ ಫೋಲಿಕ್ ಆಸಿಡ್ ಉಂಟಂತಲ್ಲ? ನಮ್ಮ ಓಣಿಯಲ್ಲಿ ಅದನ್ನು ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಬಿಸಾಡುತ್ತಾರೆ.

ಕುಂದಾಪ್ರ ಮಾಷ್ಟ್ರು
ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು ಅದು. ನೂರು ಕಾಳು ಸಾದಾ ಅಕ್ಕಿಗೆ ಒಂದು ಕಾಳಿನ ಲೆಕ್ಕದಲ್ಲಿ ಬೆರೆಸುತ್ತಾರೆ. ಬಣ್ಣ ಸ್ವಲ್ಪ ಬೇರೆ ಇರುವುದರಿಂದ ಕಣ್ಣಿಗೆ ಬೀಳುತ್ತದೆ. ಆರಿಸಿ ತೆಗೆದರೆ ಸೇರಿಸಿದ್ದನ್ನೆಲ್ಲ ತೆಗೆದ ಹಾಗೆ.

ಲ್ಯಾಬ್ ಮೇಜು
ಆದರೆ ಪ್ರಮಾಣ ನೆನಪಿರಲಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಒಂದು ಕಿಲೋ ಅಕ್ಕಿಯಲ್ಲಿ ಫೋಲಿಕ್ ಆಸಿಡ್ 75 ರಿಂದ 125 ಮೈಕ್ರೋಗ್ರಾಂ. ದಿನಕ್ಕೆ ಕಾಲು ಕಿಲೋ ಅಕ್ಕಿ ಉಂಡರೂ 20 ರಿಂದ 30 ಮೈಕ್ರೋಗ್ರಾಂ ಆಸುಪಾಸು ಸಿಗಬಹುದು ಅಷ್ಟೇ. ಊಟಕ್ಕೆ ಸ್ವಲ್ಪ ಬಲ ಬರುತ್ತದೆ. ಮಗುವಿಗೆ ಪ್ರಯತ್ನಿಸುವವರಿಗೆ ಮಾತ್ರೆಯ ಬದಲು ಇದು ಸಾಲದು.

ರೇಶನ್ ಕಾರ್ಡ್
ಇದನ್ನು ಓಣಿಯ ಗ್ರೂಪಿಗೆ ಹಾಕುತ್ತೇನೆ.

ಕಾಪು ಕಡಲು
ಬಿ12 ರಿಪೋರ್ಟ್ ಬಂತು. 118 ಪಿಕೋಗ್ರಾಂ. ಪಕ್ಕದಲ್ಲಿ ನಾರ್ಮಲ್ 200 ರಿಂದ ಶುರು. ಡಾಕ್ಟರು ಅಮ್ಮನ ಕಾಲಿಗೆ ಟ್ಯೂನಿಂಗ್ ಫೋರ್ಕ್ ಇಟ್ಟು ನೋಡಿದರು, ಅಮ್ಮನಿಗೆ ಅದರ ಕಂಪನ ಗೊತ್ತಾಗಲಿಲ್ಲ. ಬಿ12 ಇಂಜೆಕ್ಷನ್ ಶುರು ಮಾಡಿದ್ದಾರೆ. ಫೋಲಿಕ್ ಆಸಿಡ್ 5 ಮಿಲಿಗ್ರಾಂ ನಿಲ್ಲಿಸಿ ಎಂದರು. ಗ್ಯಾಸ್ ಮಾತ್ರೆ ನಿಜವಾಗಿ ಬೇಕಾ ಎಂದು ನೋಡುತ್ತಾರಂತೆ. ಬಿ12 ಯಾಕೆ ಇಷ್ಟು ಇಳಿಯಿತು ಎಂದು ತಿಳಿಯಲು ಇನ್ನೊಂದು ಪರೀಕ್ಷೆಗೂ ಬರೆದಿದ್ದಾರೆ.

ಇಂಟ್ರಿನ್ಸಿಕ್ ಫ್ಯಾಕ್ಟರ್ ಅಂತೆ, ಅದು ಏನು?

ಮೆಡಿಸಿನ್ ಓದು
ಹೊಟ್ಟೆಯಲ್ಲಿ ತಯಾರಾಗುವ ಒಂದು ಪ್ರೋಟೀನ್. ಬಿ12 ಅದರ ಜೊತೆ ಸೇರಿದರೆ ಮಾತ್ರ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಸರಿಯಾಗಿ ಹೀರಿಕೊಳ್ಳುತ್ತದೆ. ಕೆಲವರ ದೇಹವೇ ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುತ್ತದೆ. ಹಾಗಿದ್ದರೆ ಬಿ12 ಚಿಕಿತ್ಸೆ ಜೀವನಪೂರ್ತಿ ಬೇಕು. ಇಲ್ಲದಿದ್ದರೆ ಊಟ ಮತ್ತು ಮೆಟ್‌ಫಾರ್ಮಿನ್ ಕಾರಣ ಎಂದು ಹಿಡಿದು ಮುಂದಿನ ದಾರಿ ನೋಡುತ್ತಾರೆ. ಅಮ್ಮ ಮೆಟ್‌ಫಾರ್ಮಿನ್ ಮಾತ್ರ ತಾವಾಗಿ ನಿಲ್ಲಿಸುವುದು ಬೇಡ, ಶುಗರ್ ಏರುತ್ತದೆ.

ಪಡುಬಿದ್ರಿ ಪ್ರಶ್ನೆ
ಅಕ್ಕ, ಆ ಇನ್ನೊಂದು ಟೆಸ್ಟ್ ಬೇಕಾಗಿತ್ತು ಎಂದು ಈಗ ನನಗೂ ಅನಿಸುತ್ತದೆ. ಅಮ್ಮ ಬೇಗ ಗುಣವಾಗಲಿ.

ಗಂಟುನೋವು
ನಾನು ರುಮಟಾಯಿಡ್ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ. ಭಾನುವಾರ ಅದು, ಬೇರೆ ದಿನ ಫೋಲಿಕ್ ಆಸಿಡ್ 5 ಮಿಲಿಗ್ರಾಂ. ಇಲ್ಲಿ 5 ಮಿಲಿಗ್ರಾಂ ಬೇಡ ಎಂದು ಓದಿ ಗಾಬರಿ ಆಯಿತು. ನಿಲ್ಲಿಸಬೇಕಾ?

ಫಾರ್ಮಸಿ ಓದಿದವ
ಖಂಡಿತ ನಿಲ್ಲಿಸಬೇಡಿ. ನಿಮ್ಮದು ಬೇರೆ ಲೆಕ್ಕ. ಮೆಥೊಟ್ರೆಕ್ಸೇಟ್ ಫೋಲೇಟ್‌ನ ಕೆಲಸಕ್ಕೆ ಅಡ್ಡ ಬರುತ್ತದೆ. ಬಾಯಿಹುಣ್ಣು, ವಾಕರಿಕೆ, ಲಿವರ್ ತೊಂದರೆ ಕಡಿಮೆ ಆಗಲಿ ಎಂದು ಫೋಲಿಕ್ ಆಸಿಡ್ ಕೊಡುವುದು. ಮಾಷ್ಟ್ರು ಹೇಳಿದ ಸುಬ್ಬರಾವ್ ಅವರ ತಂಡ ಫೋಲಿಕ್ ಆಸಿಡ್ ಮೇಲೆ ಕೆಲಸ ಮಾಡುತ್ತಲೇ ಈ ಜಾತಿಯ ಔಷಧಿಗಳನ್ನೂ ತಯಾರಿಸಿತು.

ಒಂದು ಎಚ್ಚರ ಇರಲಿ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಮ್ಮೆ ಮಾತ್ರ. ಅದೂ ಫೋಲಿಕ್ ಆಸಿಡೂ ಎರಡೂ ಸಣ್ಣ ಹಳದಿ ಮಾತ್ರೆಗಳಾಗಿ ಬರುವುದುಂಟು. ಅದಲು ಬದಲಾಗಿ ಮೆಥೊಟ್ರೆಕ್ಸೇಟ್ ದಿನಾ ತಿಂದರೆ ಜೀವಕ್ಕೇ ಅಪಾಯ. ಎರಡನ್ನೂ ಒಂದೇ ಡಬ್ಬದಲ್ಲಿ ಇಡಬೇಡಿ. ಸ್ಟ್ರಿಪ್ ಮೇಲೆ ವಾರದ ಹೆಸರು ದಪ್ಪಕ್ಷರದಲ್ಲಿ ಬರೆದಿಡಿ. ಕಣ್ಣು ಮಂಜಾದ ಹಿರಿಯರಿದ್ದರೆ ಮನೆಯವರು ಕೈಯಾರೆ ಕೊಡಿ.

ಗಂಟುನೋವು
ಎರಡೂ ಒಂದೇ ಡಬ್ಬದಲ್ಲಿ ಇದ್ದವು. ಈಗಲೇ ಬೇರೆ ಮಾಡಿದೆ.

ಕಾಪು ಕಡಲು
ಕೊನೆಗೆ ಒಂದು ಕೇಳುವುದಿದೆ. ಇಂಜೆಕ್ಷನ್ ಆದ ಮೇಲೆ ಫೋಲೇಟ್ ಮತ್ತೆ ಮಾಡಿಸಬೇಕಾ? ಅಮ್ಮನಿಗೆ ಸೂಜಿ ಎಂದರೆ ಭಯ.

ಮೆಡಿಸಿನ್ ಓದು
ಸಾಮಾನ್ಯವಾಗಿ ಬೇಡ. ನೋಡಬೇಕಾದದ್ದು ಹಿಮೋಗ್ಲೋಬಿನ್, ಎಂಸಿವಿ. ಹೊಸ ಕಣಗಳು ಒಂದು ವಾರದ ಆಸುಪಾಸಿನಲ್ಲೇ ಏರತೊಡಗುತ್ತವೆ, ಡಾಕ್ಟರು ಬೇಕೆಂದರೆ ರೆಟಿಕ್ಯುಲೋಸೈಟ್ ಎಂಬ ಎಣಿಕೆ ನೋಡುತ್ತಾರೆ. ಎಂಟು ವಾರದ ಹೊತ್ತಿಗೆ ರಕ್ತದ ಲೆಕ್ಕ ಬಹುಪಾಲು ಸರಿಹೋಗಬೇಕು. ಹೋಗದಿದ್ದರೆ ಕಬ್ಬಿಣ, ಥೈರಾಯ್ಡ್ ನೋಡುತ್ತಾರೆ. ಪಾದದ ಜೋಮು ನಿಧಾನ, ತಿಂಗಳುಗಳೇ ಹಿಡಿಯುತ್ತದೆ. ಅಲ್ಲಿಯವರೆಗೆ ಬಚ್ಚಲ ದಾರಿಯಲ್ಲಿ ರಾತ್ರಿ ಒಂದು ಲೈಟ್ ಹಾಕಿಡಿ, ಅಮ್ಮ ಬೀಳಬಾರದು.